ಸೂರಿದ್ದರೆ ಸಾಕೇ?

(ಕಬ್ಬಾಳಿನಲ್ಲಿ ನಡೆದ ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಮೊಹಲ್ಲಾಗಳಲ್ಲಿ ಪದೇ ಪದೇ ಕೇಳಿಬರುವ ಒಂದು ಮಾತಿದೆ: 'ಅವರಿಗೇನು, ಸ್ವಂತ ಮನೆ ಇದೆ.' ವೃದ್ಧ ದಂಪತಿಗೆ ನೆರವು ಕೊಡುವ ವಿಚಾರ ಬಂದಾಗ ಈ ಮಾತು ಬರುತ್ತದೆ. ವಿಧವೆಯೊಬ್ಬಳ ಹೆಸರನ್ನು ಝಕಾತ್‌ನ ಪಟ್ಟಿಗೆ ಸೇರಿಸುವಾಗಲೂ ಬರುತ್ತದೆ. ಸರಕಾರಿ ಕಚೇರಿಯ ಮೇಜಿನ ಆಚೆ ಬದಿಯಿಂದಲೂ ಇದೇ ಮಾತು ಬೇರೆ ಭಾಷೆಯಲ್ಲಿ ಬರುತ್ತದೆ. ಸ್ವಂತ ಮನೆ ಇದ್ದರೆ ಅವರು ನೆಮ್ಮದಿಯಾಗಿದ್ದಾರೆ ಎಂದು ನಾವು ತೀರ್ಮಾನಿಸಿ ಬಿಡುತ್ತೇವೆ. ಈ ತೀರ್ಮಾನ ಸರಿಯೇ? ಇಂದು ನಾನು ನಿಮ್ಮ ಮುಂದೆ ಇಡಬಯಸುವುದು ಈ ಒಂದು ಪ್ರಶ್ನೆಯನ್ನು ಮಾತ್ರ.

ಮೊದಲು ಒಂದು ಲೆಕ್ಕವನ್ನು ನೋಡೋಣ. 2011ರ ಜನಗಣತಿಯ ಪ್ರಕಾರ ಭಾರತದ ಶೇ. 86.6ರಷ್ಟು ಕುಟುಂಬಗಳು ಸ್ವಂತ ಮನೆಯಲ್ಲಿ ವಾಸಿಸುತ್ತಿದ್ದುವು. ಹಳ್ಳಿಗಳಲ್ಲಿ ಈ ಪ್ರಮಾಣ ಶೇ. 94.7, ಪಟ್ಟಣಗಳಲ್ಲಿ ಶೇ. 69.2. ಜರ್ಮನಿಯಲ್ಲಾದರೋ ಸ್ವಂತ ಮನೆಯಲ್ಲಿರುವವರು ಜನಸಂಖ್ಯೆಯ ಅರ್ಧದಷ್ಟೂ ಇಲ್ಲ. ಸ್ವಿಟ್ಝರ್ಲೆಂಡಿನಲ್ಲಿ ಇನ್ನೂ ಕಡಿಮೆ. ರೊಮೇನಿಯಾದಲ್ಲಿ ಮಾತ್ರ ನೂರಕ್ಕೆ ಸುಮಾರು ತೊಂಬತ್ತೈದು ಮಂದಿ ಸ್ವಂತ ಮನೆಯಲ್ಲಿದ್ದಾರೆ. ಸ್ವಂತ ಮನೆಯೇ ಸುಭಿಕ್ಷೆಯ ಗುರುತು ಎಂದಾದರೆ ರೊಮೇನಿಯಾ ಜರ್ಮನಿಗಿಂತ ಶ್ರೀಮಂತವಾಗಿರಬೇಕಿತ್ತು. ನಮ್ಮ ಹಳ್ಳಿಗಳು ಬೆಂಗಳೂರಿಗಿಂತ ಅನುಕೂಲಸ್ಥವಾಗಿರಬೇಕಿತ್ತು. ವಾಸ್ತವ ಹಾಗಿಲ್ಲ ಎಂಬುದು ಈ ಕಬ್ಬಾಳಿನ ಸುತ್ತಮುತ್ತಲಿನ ಯಾವ ಹಳ್ಳಿಯನ್ನು ನೋಡಿದರೂ ತಿಳಿಯುತ್ತದೆ. ಹಾಗಾದರೆ ಈ ಅಂಕಿಗಳು ಹೇಳುತ್ತಿರುವುದೇನು?

ಜಿಮ್ ಕೆಮೆನಿ ಎಂಬ ಸಮಾಜಶಾಸ್ತ್ರಜ್ಞರು 1980ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾ, ಬ್ರಿಟನ್ ಮತ್ತು ಸ್ವೀಡನ್‌ಗಳನ್ನು ಹೋಲಿಸಿ ಒಂದು ವಾದವನ್ನು ಮಂಡಿಸಿದರು. ಜನರು ಹೆಚ್ಚು ಹೆಚ್ಚಾಗಿ ಸ್ವಂತ ಮನೆಯನ್ನು ನೆಚ್ಚಿಕೊಂಡ ದೇಶಗಳಲ್ಲಿ ಪಿಂಚಣಿ, ಆರೋಗ್ಯದಂತಹ ಸಾರ್ವಜನಿಕ ಭದ್ರತೆ ತೆಳುವಾಗಿರುತ್ತದೆ ಎಂಬುದು ಅದರ ಸಾರಾಂಶ. ಕಾರಣ ಸರಳವಾಗಿದೆ. ಯೌವನದಲ್ಲಿ ಮನೆಯ ಸಾಲದ ಕಂತು ಕಟ್ಟುತ್ತಿರುವವನ ಕೈಯಲ್ಲಿ ಹಣ ಉಳಿಯುವುದಿಲ್ಲ. ಸಾರ್ವಜನಿಕ ಆಸ್ಪತ್ರೆಗಾಗಿ, ವೃದ್ಧರ ಪಿಂಚಣಿಗಾಗಿ ಇನ್ನಷ್ಟು ತೆರಿಗೆ ಕೊಡು ಎಂದರೆ ಅವನು ಒಪ್ಪುವುದಿಲ್ಲ. 1998ರಲ್ಲಿ ಫ್ರಾನ್ಸಿಸ್ ಕಾಸಲ್ಸ್ ಎಂಬ ಇನ್ನೊಬ್ಬ ವಿದ್ವಾಂಸರು ಇದೇ ನಂಟನ್ನು ಮತ್ತೊಂದು ದಿಕ್ಕಿನಿಂದ ನೋಡಿದರು. ವೃದ್ಧಾಪ್ಯದಲ್ಲಿ ಬಾಡಿಗೆ ಕೊಡಬೇಕಾಗಿಲ್ಲದವನು ಸಣ್ಣ ಪಿಂಚಣಿಯಲ್ಲೂ ದಿನ ದೂಡುತ್ತಾನೆ. ಆದ್ದರಿಂದ ದೊಡ್ಡ ಪಿಂಚಣಿ ಕೊಡಬೇಕೆಂಬ ಒತ್ತಡ ಸರಕಾರದ ಮೇಲೆ ಬೀಳುವುದಿಲ್ಲ. ಅರ್ಥಾತ್, ಸರಕಾರ ಹೊರಬೇಕಾದ ಭಾರವನ್ನು ಮನೆಯ ಗೋಡೆಗಳು ಹೊರುತ್ತವೆ.

ಜರ್ಮನಿಯಲ್ಲಿ ಕಾರ್ಮಿಕರ ವೃದ್ಧಾಪ್ಯ ವಿಮೆಯ ಕಾನೂನು ಬಂದದ್ದು 1889ರಲ್ಲಿ. ಅಲ್ಲಿ ಬಾಡಿಗೆದಾರನಿಗೆ ಕಾನೂನಿನ ಬಲವಾದ ರಕ್ಷಣೆಯೂ ಇದೆ. ಜೀವನವಿಡೀ ಬಾಡಿಗೆ ಮನೆಯಲ್ಲಿದ್ದರೂ ಮುಪ್ಪಿನಲ್ಲಿ ಬೀದಿಗೆ ಬೀಳುವ ಭಯ ಅಲ್ಲಿನ ಕಾರ್ಮಿಕನಿಗೆ ನಮ್ಮಷ್ಟಿಲ್ಲ. ರೊಮೇನಿಯಾದ ಕಥೆ ಬೇರೆ. 1989ರಲ್ಲಿ ಕಮ್ಯುನಿಸ್ಟ್ ಆಡಳಿತ ಕುಸಿದ ಬಳಿಕ ಸರಕಾರವು ತನ್ನ ಫ್ಲ್ಯಾಟ್‌ಗಳನ್ನು ಅಲ್ಲಿ ವಾಸವಿದ್ದವರಿಗೇ ಅಗ್ಗದ ದರದಲ್ಲಿ ಮಾರಿತು. ಜನರಿಗೆ ಮನೆ ಸಿಕ್ಕಿತು. ಆದರೆ ಐರೋಪ್ಯ ಒಕ್ಕೂಟದಲ್ಲಿ ಸಾಮಾಜಿಕ ಭದ್ರತೆಗೆ ಕಡಿಮೆ ಪಾಲು ವ್ಯಯಿಸುವ ದೇಶಗಳ ಸಾಲಿನಲ್ಲಿ ಆ ದೇಶ ಉಳಿಯಿತು.

ಹಾಗಂತ ಇದನ್ನು ಪ್ರಕೃತಿ ನಿಯಮವೆಂದು ಭಾವಿಸಬೇಕಾಗಿಲ್ಲ. ನಾರ್ವೆಯಲ್ಲಿ ನೂರರಲ್ಲಿ ಸುಮಾರು ಎಂಬತ್ತು ಮಂದಿ ಸ್ವಂತ ಮನೆಯಲ್ಲಿದ್ದಾರೆ. ಅಲ್ಲಿನ ಪಿಂಚಣಿಯೂ ಆಸ್ಪತ್ರೆಯೂ ಜಗತ್ತಿಗೇ ಮಾದರಿ. ಮನೆಗೆ ಸಾಲ ಕೊಡಲೆಂದೇ ಆ ದೇಶ 1946ರಲ್ಲಿ ಸರಕಾರಿ ಬ್ಯಾಂಕನ್ನು ಸ್ಥಾಪಿಸಿತ್ತು. ಸೂರು ಬೇಕೋ ಪಿಂಚಣಿ ಬೇಕೋ ಎಂಬ ಆಯ್ಕೆಯ ಮುಂದೆ ಪ್ರಜೆಯನ್ನು ನಿಲ್ಲಿಸಬೇಕಾಗಿಲ್ಲ ಎಂಬುದಕ್ಕೆ ನಾರ್ವೆ ಸಾಕ್ಷಿ. ಎರಡನ್ನೂ ಕೊಡಬಹುದು. ಪ್ರಶ್ನೆಯಿರುವುದು ಸಮಾಜ ಏನನ್ನು ಕೇಳುತ್ತದೆ ಎಂಬುದರಲ್ಲಿ.

ಈಗ ನಮ್ಮ ನೆಲಕ್ಕೆ ಬರೋಣ. ಈ ಸಭೆಯಲ್ಲಿ ಕನಕಪುರದಿಂದ, ಚನ್ನಪಟ್ಟಣದಿಂದ, ರಾಮನಗರದಿಂದ, ಮಾಗಡಿಯಿಂದ ಬಂದವರಿದ್ದೀರಿ. 2007ರಲ್ಲಿ ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾದ ಈ ಪ್ರದೇಶದಲ್ಲಿ ನಮ್ಮ ಸಮುದಾಯದ ಅನ್ನದ ದಾರಿ ಹೆಚ್ಚಾಗಿ ಎರಡು. ಒಂದು, ರಾಮನಗರದ ರೇಷ್ಮೆ ನೂಲು ಬಿಚ್ಚಾಣಿಕೆ. ಇನ್ನೊಂದು, ಚನ್ನಪಟ್ಟಣದ ಅರಗಿನ ಬೊಂಬೆ. ಈ ಎರಡೂ ಕಸುಬುಗಳಲ್ಲಿ ಮನೆಯೆಂದರೆ ಮಲಗುವ ಜಾಗ ಮಾತ್ರವಲ್ಲ. ಒಲೆಯ ಪಕ್ಕದಲ್ಲೇ ಗೂಡು ಬೇಯುತ್ತದೆ. ಚರಕವೋ ಕಾಟೇಜ್ ಬೇಸಿನ್ನೋ ಹಜಾರದ ಒಂದು ಭಾಗವನ್ನು ಆಕ್ರಮಿಸಿರುತ್ತದೆ. ಬೊಂಬೆ ಮಾಡುವವರ ಮನೆಯಲ್ಲಿ ಕಡೆತದ ಯಂತ್ರ, ಆಲೆ ಮರದ ತುಂಡುಗಳು, ಅರಗಿನ ಬಣ್ಣದ ಕಡ್ಡಿಗಳು ಮಕ್ಕಳ ಪುಸ್ತಕಗಳ ಪಕ್ಕದಲ್ಲೇ ಇರುತ್ತವೆ. ಮನೆಯೇ ಕಾರ್ಖಾನೆ, ಮನೆಯೇ ಗೋದಾಮು.

ಅಷ್ಟೇ ಅಲ್ಲ. ಏಷ್ಯಾದಲ್ಲೇ ಅತಿ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗಿ ಗೂಡು ಕೊಳ್ಳಲು ರೀಲರ್‌ಗೆ ದಿನವೂ ಬಂಡವಾಳ ಬೇಕು. ಕೈಯಲ್ಲಿ ಇಲ್ಲದಿದ್ದರೆ ಮನೆಯ ಪತ್ರ ಅಡಮಾನಕ್ಕೆ ಹೋಗುತ್ತದೆ. ಮಗಳ ಮದುವೆಗೂ ಅದೇ ಪತ್ರ, ತಂದೆಯ ಶಸ್ತ್ರಚಿಕಿತ್ಸೆಗೂ ಅದೇ ಪತ್ರ. ಒಂದೇ ಮನೆ ಕಾರ್ಖಾನೆಯಾಗಬೇಕು, ಬ್ಯಾಂಕ್ ಆಗಬೇಕು, ಆಸ್ಪತ್ರೆಯ ವಿಮೆಯಾಗಬೇಕು, ಮುಪ್ಪಿನ ಪಿಂಚಣಿಯಾಗಬೇಕು, ಕೊನೆಗೆ ಮಕ್ಕಳಿಗೆ ಆಸ್ತಿಯೂ ಆಗಬೇಕು. ಇಷ್ಟೊಂದು ಕೆಲಸಗಳನ್ನು ಇಪ್ಪತ್ತಕ್ಕೆ ಮೂವತ್ತರ ನಿವೇಶನವೊಂದು ಹೇಗೆ ತಾನೇ ಮಾಡೀತು?

2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಲಾಯಿತು. ಚೀನಾದ ರೇಷ್ಮೆಗೆ ಬಾಗಿಲು ಅಗಲವಾಗಿ ತೆರೆಯಿತು. ಬೆಳೆಗಾರರಿಗೂ ರೀಲರ್‌ಗಳಿಗೂ ಅದು ದೊಡ್ಡ ಹೊಡೆತವಾಯಿತು. 2013ರಲ್ಲಿ ಸುಂಕವನ್ನು ಶೇ. 15ಕ್ಕೆ ಏರಿಸಬೇಕಾಯಿತು. ಇಂತಹ ಹೊಡೆತ ಬಿದ್ದಾಗ ಕಾರ್ಖಾನೆಯ ನೌಕರನಿಗೆ ಭವಿಷ್ಯ ನಿಧಿ ಇರುತ್ತದೆ, ಇ.ಎಸ್.ಐ. ಇರುತ್ತದೆ. ಮನೆಯಲ್ಲೇ ನೂಲು ತೆಗೆಯುವವನಿಗೆ ಏನಿದೆ? ಮನೆ ಮಾತ್ರ. ಆ ಮನೆಯೋ ಅದಾಗಲೇ ಅಡಮಾನದಲ್ಲಿರುತ್ತದೆ. ವ್ಯಾಪಾರ ಬಿದ್ದ ವರ್ಷವೇ ಮನೆ ಮಾರಬೇಕಾದವನು ಒಂದೇ ಏಟಿಗೆ ಕಸುಬು, ಸೂರು, ಪಿಂಚಣಿ ಮೂರನ್ನೂ ಕಳಕೊಳ್ಳುತ್ತಾನೆ. ಎಲ್ಲ ಭದ್ರತೆಯನ್ನೂ ಒಂದೇ ಗಂಟಿನಲ್ಲಿ ಕಟ್ಟುವುದರ ಅಪಾಯ ಇದು.

ಅಡವಿಡಲು ಮನೆಯೂ ಇಲ್ಲದವನ ಗತಿ ಏನು? ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು 2003ರಲ್ಲಿ ಭಾರತದ ರೇಷ್ಮೆ ಉದ್ಯಮದಲ್ಲಿನ ಬಾಲ ಜೀತದ ಕುರಿತು ಪ್ರಕಟಿಸಿದ ವರದಿಯಲ್ಲಿ ಕರ್ನಾಟಕದ ಬಿಚ್ಚಾಣಿಕೆ ಘಟಕಗಳ ಚಿತ್ರಣವಿದೆ. ಹೆತ್ತವರು ಪಡೆದ ಮುಂಗಡ ಸಾಲಕ್ಕೆ ಮಕ್ಕಳು ಕುದಿನೀರಿನ ಮುಂದೆ ದುಡಿಯುತ್ತಿದ್ದರು. ಆ ಸಾಲ ಯಾತಕ್ಕಾಗಿ? ರೋಗ, ಮದುವೆ, ಮನೆ ಖರ್ಚು. ಸರಕಾರದ ಭದ್ರತೆ ಇಲ್ಲದ ಕಡೆ ಮನುಷ್ಯ ಮೊದಲು ಮನೆಯನ್ನು ಅಡವಿಡುತ್ತಾನೆ. ಮನೆ ಇಲ್ಲದಿದ್ದರೆ ಮಗುವಿನ ಬಾಲ್ಯವನ್ನು ಅಡವಿಡುತ್ತಾನೆ. ಆ ಘಟಕಗಳಲ್ಲಿ ದುಡಿಸಿದವರಲ್ಲಿ ನಮ್ಮವರೂ ಇದ್ದರು, ದುಡಿದ ಮಕ್ಕಳಲ್ಲಿ ನಮ್ಮ ಮಕ್ಕಳೂ ಇದ್ದರು ಎಂಬುದನ್ನು ನಾವು ಮರೆಮಾಚಬಾರದು.

ಸರಕಾರಗಳು ಏನನ್ನೂ ಮಾಡಿಲ್ಲವೆಂದು ನಾನು ಹೇಳುವುದಿಲ್ಲ. ದೇವರಾಜ ಅರಸರ ಕಾಲದ ನಿವೇಶನಗಳು ಮತ್ತು ಜನತಾ ಮನೆಗಳು, 1990ರ ದಶಕದ ಆರಂಭದ ಆಶ್ರಯ ಯೋಜನೆ, 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ, 2015ರಲ್ಲಿ ಬಂದ ಪ್ರಧಾನ ಮಂತ್ರಿ ಆವಾಸ್ ಯೋಜನೆ - ಇವುಗಳಿಂದ ಲಕ್ಷಾಂತರ ಕುಟುಂಬಗಳಿಗೆ ಸೂರು ದೊರೆತಿದೆ. ಗುಡಿಸಲಿನಿಂದ ಹೆಂಚಿನ ಮನೆಗೆ, ಹೆಂಚಿನಿಂದ ತಾರಸಿಗೆ ಬಂದ ಪೀಳಿಗೆ ನಮ್ಮದು. ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು.

ಆದರೆ ಮನೆ ಕೊಡುವಲ್ಲಿ ಇರುವ ಉತ್ಸಾಹ ಪಿಂಚಣಿಯಲ್ಲಿ ಯಾಕಿಲ್ಲ? ವೃದ್ಧಾಪ್ಯ ವೇತನಕ್ಕೆ ನೆರವಾಗುವ ಕೇಂದ್ರದ ಕಾರ್ಯಕ್ರಮ ಶುರುವಾದದ್ದು 1995ರಲ್ಲಿ. ಅದರಲ್ಲಿ ಕೇಂದ್ರದ ಪಾಲು ತಿಂಗಳಿಗೆ 75 ರೂಪಾಯಿ. ಆಮೇಲೆ ಅದು 200 ರೂಪಾಯಿಗೆ ಏರಿತು. ಎಂಬತ್ತು ದಾಟಿದವರಿಗೆ 2011ರಲ್ಲಿ 500 ರೂಪಾಯಿ ಮಾಡಲಾಯಿತಾದರೂ ಉಳಿದ ವೃದ್ಧರ ಪಾಲಿಗೆ ಆ 200 ರೂಪಾಯಿಯೇ ವರ್ಷಗಟ್ಟಲೆ ನಿಂತುಬಿಟ್ಟಿತು. ಕರ್ನಾಟಕದ ಸಂಧ್ಯಾ ಸುರಕ್ಷಾ ಯೋಜನೆ 2007ರಲ್ಲಿ ಬಂತು; 65 ದಾಟಿದ ಬಡವರಿಗೆ ಅದರ ಮೊತ್ತವನ್ನು 2021ರಲ್ಲಿ 1,200 ರೂಪಾಯಿಗೆ ಏರಿಸಲಾಯಿತು. ಅಂದರೆ ದಿನಕ್ಕೆ ನಲ್ವತ್ತು ರೂಪಾಯಿ. ಮನೆಯನ್ನು ಒಮ್ಮೆ ಕೊಟ್ಟರೆ ಸಾಕು. ಬೀಗದ ಕೈ ಹಸ್ತಾಂತರಿಸುವ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ, ಗೋಡೆಯ ಮೇಲೆ ಯೋಜನೆಯ ಹೆಸರು ಉಳಿಯುತ್ತದೆ. ಪಿಂಚಣಿಯನ್ನಾದರೋ ಪ್ರತಿ ತಿಂಗಳೂ ಕೊಡಬೇಕು, ಅದನ್ನು ಉದ್ಘಾಟಿಸಲು ಬರುವುದಿಲ್ಲ. ರಾಜಕಾರಣ ಯಾವುದನ್ನು ಇಷ್ಟಪಡುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿಯೂ ಇದೆ. ಮನೆಯ ನೆರವು ಹೆಚ್ಚಾಗಿ ನಿವೇಶನ ಇದ್ದವರಿಗೇ ತಲುಪುತ್ತದೆ. ಆವಾಸ್ ಯೋಜನೆಯಲ್ಲಿ ಫಲಾನುಭವಿಯೇ ಮನೆ ಕಟ್ಟಿಕೊಳ್ಳುವ ವಿಭಾಗಕ್ಕೆ ಸ್ವಂತ ಜಾಗ ಇರಬೇಕು. ಬಾಡಿಗೆದಾರರ ನೆನಪು ಕೇಂದ್ರಕ್ಕೆ ಗಟ್ಟಿಯಾಗಿ ಬಂದದ್ದು 2020ರಲ್ಲಿ, ಲಾಕ್‌ಡೌನ್‌ನಲ್ಲಿ ಲಕ್ಷಾಂತರ ಕಾರ್ಮಿಕರು ಹೆದ್ದಾರಿಗಳಲ್ಲಿ ನಡೆದು ಊರು ಸೇರಿದ ಬಳಿಕ. ಕೈಗೆಟಕುವ ಬಾಡಿಗೆ ವಸತಿಯ ಯೋಜನೆಯನ್ನು ಆಗ ಪ್ರಕಟಿಸಲಾಯಿತು. ಅದಕ್ಕೂ ಮುನ್ನ, 2012ರಲ್ಲಿ ಕೇಂದ್ರದ ತಾಂತ್ರಿಕ ತಂಡವೊಂದು ದೇಶದ ಪಟ್ಟಣಗಳಲ್ಲಿ 1 ಕೋಟಿ 87 ಲಕ್ಷಕ್ಕೂ ಮಿಕ್ಕಿ ಮನೆಗಳ ಕೊರತೆ ಇದೆಯೆಂದು ಅಂದಾಜಿಸಿತ್ತು. ಅದರಲ್ಲಿ ಸುಮಾರು 1 ಕೋಟಿ 50 ಲಕ್ಷ ಕುಟುಂಬಗಳ ಸಮಸ್ಯೆ ಇಕ್ಕಟ್ಟು. ತಂದೆ ತಾಯಿ, ಮದುವೆಯಾದ ಮಗ, ಸೊಸೆ ಎಲ್ಲರೂ ಒಂದೇ ಕೋಣೆಯಲ್ಲಿ. ತಮಾಷೆಯೆಂದರೆ, 2011ರ ಜನಗಣತಿಯಲ್ಲಿ ಪಟ್ಟಣಗಳ 1 ಕೋಟಿ 10 ಲಕ್ಷದಷ್ಟು ಮನೆಗಳು ಖಾಲಿ ಬಿದ್ದಿದ್ದುವು. ಮನೆಯು ವಾಸಕ್ಕಾಗಿ ಇರುವ ವಸ್ತು ಎಂಬುದು ಹೋಗಿ ಹಣ ಕೂಡಿಡುವ ಪೆಟ್ಟಿಗೆಯಾದಾಗ ಹೀಗಾಗುತ್ತದೆ. ಬೆಂಗಳೂರು-ಮೈಸೂರು ಹೆದ್ದಾರಿ 2023ರಲ್ಲಿ ಉದ್ಘಾಟನೆಯಾಯಿತು. ನಮ್ಮ ಪಟ್ಟಣಗಳು ರಾಜಧಾನಿಗೆ ಇನ್ನಷ್ಟು ಹತ್ತಿರವಾದುವು. ನಿವೇಶನದ ಬೆಲೆ ಏರಿದರೆ ಅದೇ ಮನೆಯಲ್ಲಿ ಬದುಕುವ ವೃದ್ಧನ ತಟ್ಟೆಗೆ ಒಂದು ತುತ್ತೂ ಹೆಚ್ಚು ಬೀಳುವುದಿಲ್ಲ. ಆದರೆ ಅವನ ಎರಡನೆಯ ಮಗನಿಗೆ ನಿವೇಶನ ಕೈಗೆಟಕದಂತಾಗುತ್ತದೆ.

ಸ್ವಂತ ಮನೆಯ ಆಸೆಯಲ್ಲಿ ನಮ್ಮ ಸಮುದಾಯ ಎದುರಿಸುವ ಪ್ರತ್ಯೇಕ ಇಕ್ಕಟ್ಟುಗಳೂ ಇವೆ. ಬಡ್ಡಿಯ ಸಾಲ ಬೇಡವೆಂದು ಅನೇಕರು ಬ್ಯಾಂಕಿನಿಂದ ದೂರ ನಿಲ್ಲುತ್ತಾರೆ. ಹಾಗೆ ನಿಂತವರು ಹಲವು ಲಕ್ಷ ಕೊಟ್ಟು ಭೋಗ್ಯಕ್ಕೆ ಮನೆ ಹಿಡಿಯುತ್ತಾರೆ. ಕೊಟ್ಟ ಸಾಲಕ್ಕೆ ಪ್ರತಿಯಾಗಿ ಮನೆಯನ್ನು ಬಳಸುವ ಈ ಕ್ರಮವನ್ನೂ ಅನೇಕ ವಿದ್ವಾಂಸರು ಒಪ್ಪುವುದಿಲ್ಲ. ಅದು ಹಾಗಿರಲಿ, ಮಾಲಕ ಅದೇ ಮನೆಯ ಮೇಲೆ ಸಾಲ ಪಡೆದು, ಅದು ಹರಾಜಿಗೆ ಬಂದರೆ ಭೋಗ್ಯದ ಹಣಕ್ಕೆ ಹೊಣೆ ಯಾರು? ನೋಂದಣಿ ಮಾಡಿಸದ ಒಂದು ಹಾಳೆಯನ್ನು ನಂಬಿ ಜೀವಮಾನದ ಉಳಿತಾಯವನ್ನು ಒಪ್ಪಿಸುವವರು ನಮ್ಮಲ್ಲಿ ಕಡಿಮೆಯಿಲ್ಲ.

ಬೆಂಗಳೂರಿನ ಐ ಮಾನಿಟರಿ ಅಡ್ವೈಸರಿ, ಅಂದರೆ ಐ.ಎಂ.ಎ. 2019ರ ಜೂನ್‌ನಲ್ಲಿ ಬಾಗಿಲು ಮುಚ್ಚಿದಾಗ ದೂರು ಕೊಡಲು ಬಂದವರು ಹತ್ತಾರು ಸಾವಿರ ಮಂದಿ. ಬಹುಪಾಲು ಮುಸ್ಲಿಮ್ ಕುಟುಂಬಗಳು. ಅದನ್ನು ಬರೇ ದುರಾಸೆಯೆಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ತಿಂಗಳಿಗೊಂದಿಷ್ಟು ಹಣ, ಅದೂ ಬಡ್ಡಿಯಲ್ಲದ ಹಣ ಮನೆಗೆ ಬರುತ್ತದೆ ಎಂಬ ಭರವಸೆ ಪಿಂಚಣಿಯಿಲ್ಲದ ಜನರನ್ನು ಹೇಗೆ ಸೆಳೆಯುತ್ತದೆ ಎಂಬುದನ್ನೂ ಆಲೋಚಿಸಬೇಕು. ಸರಕಾರದ ಪಿಂಚಣಿ ಗಟ್ಟಿಯಾಗಿರುವಲ್ಲಿ ಇಂತಹ ಭರವಸೆಗಳ ಮುಂದೆ ಸಾಲುಗಟ್ಟಿ ನಿಲ್ಲಬೇಕಾದ ಅನಿವಾರ್ಯತೆ ಕಡಿಮೆಯಿರುತ್ತದೆ.

ಈಗ ಮೊದಲ ಪ್ರಶ್ನೆಗೆ ಬರುತ್ತೇನೆ. ಸ್ವಂತ ಮನೆಯಿದ್ದವನು ನೆರವಿಗೆ ಅನರ್ಹನೇ? ಆಸ್ಟ್ರೇಲಿಯಾದಲ್ಲಿ ವೃದ್ಧಾಪ್ಯ ಪಿಂಚಣಿಗಾಗಿ ಆಸ್ತಿಯನ್ನು ಅಳೆಯುವಾಗ ವಾಸದ ಮನೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಸ್ಲಾಮೀ ಕರ್ಮಶಾಸ್ತ್ರವಂತೂ ಎಷ್ಟೋ ಮೊದಲೇ ಈ ವಿವೇಕವನ್ನು ತೋರಿದೆ. ವಾಸದ ಮನೆಗೆ ಝಕಾತ್ ಇಲ್ಲ. ವಾಸದ ಮನೆಯಿದೆ ಎಂಬ ಒಂದೇ ಕಾರಣಕ್ಕೆ ಬಡವನು ಝಕಾತ್ ಪಡೆಯುವ ಹಕ್ಕನ್ನು ಕಳಕೊಳ್ಳುವುದೂ ಇಲ್ಲ. ಮನೆ ಅವನ ಮೂಲ ಅಗತ್ಯ, ಸಂಪತ್ತಲ್ಲ. ಇಷ್ಟು ಸ್ಪಷ್ಟವಾದ ಬೋಧನೆ ಇರುವಾಗ ನಮ್ಮ ಮೊಹಲ್ಲಾ ಸಮಿತಿಗಳು ಗೋಡೆಯನ್ನು ನೋಡಿ ಹೆಸರನ್ನು ಹೊಡೆದು ಹಾಕುವುದೇಕೆ? ಒಳಗೆ ಒಲೆ ಉರಿದಿದೆಯೇ ಎಂದು ನೋಡುವವರಾರು?

ಸರಕಾರದ ಅಳತೆಗೋಲಿನ ಬಗ್ಗೆಯೂ ಹೇಳಬೇಕು. ಕರ್ನಾಟಕದಲ್ಲಿ ಆದ್ಯತಾ ಪಡಿತರ ಚೀಟಿಗೆ ನಿಗದಿಪಡಿಸಲಾದ ಮಾನದಂಡಗಳಲ್ಲಿ ಪಟ್ಟಣದಲ್ಲಿ 1,000 ಚದರಡಿಗಿಂತ ದೊಡ್ಡ ಸ್ವಂತ ಪಕ್ಕಾ ಮನೆಯಿರುವವರನ್ನು ಹೊರಗಿಡುವ ನಿಯಮವಿದೆ. ಅರ್ಧ ಭಾಗದಲ್ಲಿ ಬೇಸಿನ್‌ಗಳು, ಇನ್ನರ್ಧದಲ್ಲಿ ಎರಡು ಸಂಸಾರಗಳು ಇರುವ ರೀಲರ್‌ನ ಮನೆಗೆ ಈ ಅಳತೆ ನ್ಯಾಯ ಸಲ್ಲಿಸುತ್ತದೆಯೇ? ಆ ಚೀಟಿ ಅಕ್ಕಿಗಾಗಿ ಮಾತ್ರವಲ್ಲ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯ ಚಿಕಿತ್ಸೆ ದೊರೆಯುವುದು ಅದೇ ಚೀಟಿಯ ಬಲದಿಂದ. ಗೋಡೆಯ ಅಳತೆಯಿಂದಾಗಿ ಚೀಟಿ ಹೋದರೆ, ಚಿಕಿತ್ಸೆಗಾಗಿ ಆ ಗೋಡೆಯನ್ನೇ ಮಾರಬೇಕಾಗುತ್ತದೆ.

ಇದಕ್ಕೆ ವ್ಯತಿರಿಕ್ತವಾದ ಒಂದು ಒಳ್ಳೆಯ ಉದಾಹರಣೆಯನ್ನೂ ಗಮನಿಸಿ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಬಾಡಿಗೆದಾರರಿಗೂ ಉಚಿತ ವಿದ್ಯುತ್ತಿನ ಅರ್ಹತೆ ನೀಡಲಾಯಿತು. ಗೃಹಲಕ್ಷ್ಮಿಯ 2,000 ರೂಪಾಯಿಗೆ ಮನೆ ಸ್ವಂತದ್ದೇ ಎಂದು ಯಾರೂ ಕೇಳುವುದಿಲ್ಲ. ಸವಲತ್ತನ್ನು ಮನೆಯ ಒಡೆತನದಿಂದ ಬಿಡಿಸಿ ಮನುಷ್ಯನ ಅಗತ್ಯಕ್ಕೆ ಜೋಡಿಸುವುದು ಸಾಧ್ಯ ಎಂದು ಇವು ತೋರಿಸಿಕೊಟ್ಟಿವೆ. ಪಿಂಚಣಿ ಮತ್ತು ಚಿಕಿತ್ಸೆಯಲ್ಲೂ ಇದೇ ದಾರಿ ಹಿಡಿಯಿರಿ ಎಂದು ನಾವು ಕೇಳಬೇಕು.

ಸಹೋದರ ಸಹೋದರಿಯರೇ, ಸ್ವಂತ ಮನೆಯ ಕನಸನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಮನೆಯ ಹೆಗಲಿನಿಂದ ಅನ್ಯರ ಹೊರೆಯನ್ನು ಇಳಿಸೋಣ ಎನ್ನುತ್ತಿದ್ದೇನೆ. ಅದಕ್ಕಾಗಿ ನಮ್ಮ ಕೈಯಲ್ಲೇ ಇರುವ ಕೆಲವು ಕೆಲಸಗಳಿವೆ.

ಒಂದು, ಕಾಗದ ಪತ್ರಗಳು. ಸರಕಾರಿ ಜಾಗದಲ್ಲಿ ಕಟ್ಟಿದ ಮನೆಗಳನ್ನು ಸಕ್ರಮಗೊಳಿಸಲು ಭೂಕಂದಾಯ ಕಾಯ್ದೆಯಲ್ಲಿ 94ಸಿ, 94ಸಿಸಿ ಕಲಮುಗಳಿವೆ. ಹಕ್ಕುಪತ್ರವಿಲ್ಲದ ಮನೆ ಎಷ್ಟು ಗಟ್ಟಿಯಾಗಿದ್ದರೂ ಒಂದು ನೋಟೀಸಿಗೆ ಅಲುಗಾಡುತ್ತದೆ. ಆವಾಸ್ ಯೋಜನೆ ಮನೆಯನ್ನು ಮಹಿಳೆಯ ಹೆಸರಿಗೆ ಅಥವಾ ಜಂಟಿ ಹೆಸರಿಗೆ ಮಾಡಲು ಹೇಳುತ್ತದೆ. ಆ ನಿಯಮವನ್ನು ಹೊರೆಯೆಂದು ಬಗೆಯಬೇಡಿ. ತಂದೆ ತೀರಿಕೊಂಡ ಬಳಿಕ 'ಮನೆ ಒಡೆಯಬಾರದು' ಎಂಬ ನೆಪದಲ್ಲಿ ಹೆಣ್ಣು ಮಕ್ಕಳಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವ ಪರಿಪಾಠವನ್ನು ನಿಲ್ಲಿಸಿ. ಅವರ ಪಾಲು ಅಣ್ಣತಮ್ಮಂದಿರ ಔದಾರ್ಯವಲ್ಲ, ನಿಶ್ಚಿತವಾದ ಹಕ್ಕು. ನಾಳೆ ವಿಧವೆಯಾಗಿ ಮರಳಿ ಬರುವ ಸಹೋದರಿಗೆ ಅದೊಂದೇ ಆಸರೆಯಾಗಿರಬಹುದು.

ಎರಡು, ನೋಂದಣಿ. ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತೆಗೆ 2008ರಲ್ಲಿ ಕಾನೂನು ಬಂತು. 2021ರಲ್ಲಿ ಇ-ಶ್ರಮ್ ನೋಂದಣಿ ಶುರುವಾಯಿತು. ಕಟ್ಟಡ ಕಾರ್ಮಿಕರಿಗೆ ರಾಜ್ಯದಲ್ಲಿ ಪ್ರತ್ಯೇಕ ಕಲ್ಯಾಣ ಮಂಡಳಿಯಿದೆ, ಕುಶಲಕರ್ಮಿಗಳಿಗೆ ಗುರುತಿನ ಚೀಟಿಯಿದೆ. ನಮ್ಮ ಯುವಕರು ಜುಮಾದ ಬಳಿಕ ಮಸೀದಿಯ ಅಂಗಳದಲ್ಲಿ ಒಂದು ಮೇಜು ಹಾಕಿ ಕುಳಿತರೆ ಎಷ್ಟು ವೃದ್ಧರ ಅರ್ಜಿಗಳು ದಾಖಲಾಗಬಹುದು! ಅರವತ್ತೈದು ದಾಟಿದ ಎಷ್ಟು ಮಂದಿಗೆ ಸಂಧ್ಯಾ ಸುರಕ್ಷಾ ಬರುತ್ತಿದೆ, ಎಷ್ಟು ಮಂದಿಗೆ ಬರುತ್ತಿಲ್ಲ ಎಂಬ ಪಟ್ಟಿ ಪ್ರತಿ ಮೊಹಲ್ಲಾದಲ್ಲೂ ಇರಲಿ.

ಮೂರು, ಖರ್ಚಿನ ಶಿಸ್ತು. ಒಂದು ದಿನದ ಮದುವೆಯೂಟಕ್ಕಾಗಿ ಮನೆಯನ್ನು ಅಡವಿಡುವ ತಂದೆ ತನ್ನ ಮುಪ್ಪನ್ನೇ ಅಡವಿಡುತ್ತಾನೆ. ಅದನ್ನು ನೋಡುತ್ತಾ ಆ ಊಟದಲ್ಲಿ ಪಾಲ್ಗೊಳ್ಳುವ ನಾವೂ ಅದರಲ್ಲಿ ಭಾಗಿಗಳು.

ನಾಲ್ಕು, ಬೇಡಿಕೆ. ಮತ ಕೇಳಲು ಬಂದವರಲ್ಲಿ ನಾವು ನಿವೇಶನ ಕೇಳುತ್ತೇವೆ, ರಸ್ತೆ ಕೇಳುತ್ತೇವೆ, ಶಾದಿ ಮಹಲ್ ಕೇಳುತ್ತೇವೆ. ಮನೆಯಲ್ಲೇ ದುಡಿಯುವ ರೀಲರ್‌ಗೆ, ಬೊಂಬೆ ತಯಾರಿಸುವ ಹೆಂಗಸಿಗೆ ಗೌರವದಿಂದ ಬದುಕಬಹುದಾದಷ್ಟು ಪಿಂಚಣಿ ಕೊಡಿ ಎಂದು ಎಷ್ಟು ಬಾರಿ ಕೇಳಿದ್ದೇವೆ? ಬಾಡಿಗೆದಾರನಿಗೆ ರಕ್ಷಣೆ ಕೊಡಿ ಎಂದು ಕೇಳಿದ್ದೇವೆಯೇ? ಈ ಬೇಡಿಕೆ ನಮ್ಮದು ಮಾತ್ರವಲ್ಲ. ಹಿಪ್ಪುನೇರಳೆ ಬೆಳೆಯುವ ಒಕ್ಕಲಿಗ ರೈತನಿಗೂ, ಗೂಡಿನ ಚೀಲ ಹೊರುವ ದಲಿತ ಕಾರ್ಮಿಕನಿಗೂ ಇದು ಬೇಕು. ಅವರ ಜೊತೆ ಸೇರಿ ಕೇಳಿದಾಗ ಅದು ನಾಡಿನ ಬೇಡಿಕೆಯಾಗುತ್ತದೆ.

ಮುಂದಿನ ಶುಕ್ರವಾರ ನಿಮ್ಮ ನಿಮ್ಮ ಮೊಹಲ್ಲಾಗಳಲ್ಲಿ ಝಕಾತ್‌ನ ಪಟ್ಟಿಯನ್ನು ಮತ್ತೊಮ್ಮೆ ತೆರೆದು ನೋಡಿ. ಸ್ವಂತ ಮನೆಯ ಕಾರಣಕ್ಕಾಗಿ ಕೈಬಿಟ್ಟ ಹೆಸರುಗಳಿದ್ದರೆ ಆ ಮನೆಗಳ ಬಾಗಿಲು ತಟ್ಟಿ, ಒಳಗೆ ಕುಳಿತು ಮಾತಾಡಿ ಬನ್ನಿ. ಸರಕಾರವನ್ನು ಪ್ರಶ್ನಿಸುವ ನೈತಿಕ ಹಕ್ಕು ಅಲ್ಲಿಂದ ಆರಂಭವಾಗುತ್ತದೆ.